ಮಿಕ್ಕ ಹೆಪ್ಪು, ಬೆಳ್ಳುಳ್ಳಿಯ ಘಮ

ಗೋಧಿ ಹಿಟ್ಟನ್ನೂ ನೀರನ್ನೂ ಸಮತೂಕದಲ್ಲಿ ಕಲಸಿ, ಬೆಚ್ಚಗಿನ ಮೂಲೆಯಲ್ಲಿ ವಾರ ಹತ್ತು ದಿನ ಇಟ್ಟು, ದಿನವೂ ಹೊಸ ಹಿಟ್ಟುನೀರು ಉಣಿಸುತ್ತ ಬಂದರೆ, ಗುಳ್ಳೆಗಟ್ಟಿ ಉಬ್ಬುವ, ಹುಳಿವಾಸನೆಯ ಸಡಿಲವಾದ ಮುದ್ದೆಯೊಂದು ಸಿದ್ಧವಾಗುತ್ತದೆ. ಯುರೋಪ್ ಮತ್ತು ಅಮೆರಿಕದ ಅಡುಗೆಮನೆಗಳಲ್ಲಿ ಇದಕ್ಕೆ ಸ್ಟಾರ್ಟರ್ ಎಂದು ಹೆಸರು. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವುದನ್ನು ಬಲ್ಲವರಿಗೆ ಹಿಟ್ಟಿನ ಹೆಪ್ಪು ಎಂದರೆ ಸಾಕು. ಅಂಗಡಿಯ ಯೀಸ್ಟ್ ಬಳಸದೆ ಈ ಹೆಪ್ಪೊಂದರಿಂದಲೇ ಕಣಕವನ್ನು ಉಬ್ಬಿಸಿ ಬೇಯಿಸಿದ ಬ್ರೆಡ್ಡಿಗೆ ಸೌರ್‌ಡೋ, ಅಂದರೆ ಹುಳಿ ಕಣಕದ ಬ್ರೆಡ್ ಎನ್ನುತ್ತಾರೆ.

ಮೊಸರಿನ ಹೆಪ್ಪಿಗೂ ಹಿಟ್ಟಿನ ಹೆಪ್ಪಿಗೂ ಲೆಕ್ಕಾಚಾರದಲ್ಲಿ ದೊಡ್ಡ ಅಂತರವಿದೆ. ಮೊಸರು ದಿನದಿನವೂ ಖರ್ಚಾಗಿ, ನಾಳೆಗೆಂದು ಒಂದು ಚಮಚದಷ್ಟು ಉಳಿದರೆ ಸಾಕಾಗುತ್ತದೆ. ಹಿಟ್ಟಿನ ಹೆಪ್ಪಾದರೋ ಬ್ರೆಡ್ ಮಾಡದ ದಿನವೂ ಉಣ್ಣಬೇಕು, ಉಂಡಂತೆಲ್ಲ ಬೆಳೆಯಬೇಕು. 50 ಗ್ರಾಂ ಹೆಪ್ಪಿಗೆ ಅಷ್ಟೇ ಹಿಟ್ಟು, ಅಷ್ಟೇ ನೀರು ಸೇರಿಸಿದರೆ 150 ಗ್ರಾಂ ಆಗುತ್ತದೆ. ಮರುದಿನ ಅದಷ್ಟಕ್ಕೂ ಅದೇ ಪ್ರಮಾಣದಲ್ಲಿ ಉಣಿಸಿದರೆ 450 ಗ್ರಾಂ. ಹೀಗೆಯೇ ಏಳು ಬಾರಿ ಉಣಿಸಿದರೆ ಹೆಪ್ಪಿನ ತೂಕ 109 ಕಿಲೊ ದಾಟುತ್ತದೆ. ಆದ್ದರಿಂದ ಪ್ರತಿ ಸಲ ಉಣಿಸುವ ಮೊದಲು ಒಂದಿಷ್ಟನ್ನು ಮಾತ್ರ ಇರಿಸಿಕೊಂಡು ಮಿಕ್ಕಿದ್ದನ್ನು ತೆಗೆಯುವುದು ಅನಿವಾರ್ಯ. ತೆಗೆದ ಈ ಭಾಗಕ್ಕೆ ಡಿಸ್ಕಾರ್ಡ್, ಎಂದರೆ ಬಿಸಾಡತಕ್ಕದ್ದು, ಎಂಬ ಹೆಸರು ರೂಢಿಯಲ್ಲಿದೆ. ಹೆಸರಿಟ್ಟವರು ಆತುರಪಟ್ಟರೆಂದೇ ಹೇಳಬೇಕು, ಏಕೆಂದರೆ ಅದರಲ್ಲಿ ಕುಂದಿರುವುದು ಕಸುವು ಮಾತ್ರ, ರುಚಿಯಲ್ಲ.

ಈ ಮಾತು ಅರ್ಥವಾಗಬೇಕಾದರೆ ಹೆಪ್ಪಿನೊಳಗಿನ ಜೀವಿಗಳನ್ನು ತಿಳಿಯಬೇಕು. ಹಿಟ್ಟಿನ ಹೆಪ್ಪಿನಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳು ಕೂಡಿ ಬಾಳುತ್ತವೆ: ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ತುಸು ಮದ್ಯಸಾರವನ್ನೂ ಬಿಡುವ ಕಾಡು ಯೀಸ್ಟ್, ಮತ್ತು ಹುಳಿಯನ್ನು ಹುಟ್ಟಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿರುವ ಅಮೆರಿಕ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಲಿಯೊ ಕ್ಲೈನ್ ಮತ್ತು ಟಿ. ಎಫ್. ಸುಗಿಹಾರ ಅವರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರಸಿದ್ಧ ಹುಳಿ ಬ್ರೆಡ್ಡಿನ ಗುಟ್ಟನ್ನು ಹುಡುಕಿ, 1971ರಲ್ಲಿ ಆ ಊರಿನ ಹೆಪ್ಪಿನ ಬ್ಯಾಕ್ಟೀರಿಯಾವನ್ನು ವಿವರಿಸಿದರು. ಊರಿನ ಹೆಸರೇ ಅದಕ್ಕೆ ಬಂದು ಲ್ಯಾಕ್ಟೊಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್ ಎಂದಾಯಿತು. ಈ ಜೋಡಿಯ ಸಂಸಾರದಲ್ಲಿ ಒಂದು ಸೊಗಸಿದೆ. ಹಿಟ್ಟಿನ ಪಿಷ್ಟ ಒಡೆದಾಗ ಹೆಚ್ಚಾಗಿ ದೊರೆಯುವ ಮಾಲ್ಟೋಸ್ ಎಂಬ ಸಕ್ಕರೆಯನ್ನು ಬ್ಯಾಕ್ಟೀರಿಯಾ ಬಯಸಿ ತಿನ್ನುತ್ತದೆ, ಯೀಸ್ಟ್ ಅದನ್ನು ಮುಟ್ಟುವುದೇ ಇಲ್ಲ. ಬ್ಯಾಕ್ಟೀರಿಯಾ ಮಾಲ್ಟೋಸನ್ನು ಸೀಳಿ ಹೊರಬಿಟ್ಟ ಗ್ಲೂಕೋಸ್ ಯೀಸ್ಟಿಗೆ ಉಣಿಸಾಗುತ್ತದೆ, ಜೊತೆಗೆ ಬೇರೆ ಕ್ರಿಮಿಗಳನ್ನು ದೂರವಿಡುವ ಹುಳಿಯನ್ನು ಆ ಯೀಸ್ಟ್ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ತಟ್ಟೆಯ ಊಟಕ್ಕೆ ಜಗಳವಿಲ್ಲದ ಕಾರಣದಿಂದಲೇ ಒಂದೇ ಹೆಪ್ಪು ವರ್ಷಗಟ್ಟಲೆ ಕೆಡದೆ ಬಾಳುತ್ತದೆ.

ಉಣಿಸಿದ ಕೆಲವು ಗಂಟೆಗಳಲ್ಲಿ ಹೆಪ್ಪು ತನ್ನ ಎತ್ತರದ ತುದಿಯನ್ನು ಮುಟ್ಟುತ್ತದೆ, ಆಮೇಲೆ ಕುಸಿಯುತ್ತದೆ. ಕುಸಿದ ಹೆಪ್ಪಿನಲ್ಲಿ ಸಕ್ಕರೆ ಬಹುಪಾಲು ಮುಗಿದು ಯೀಸ್ಟ್ ಮಂಕಾಗಿರುತ್ತದೆ, ಹುಳಿ ಏರಿರುತ್ತದೆ, ಮತ್ತು ಗ್ಲುಟೆನ್, ಎಂದರೆ ಕಣಕಕ್ಕೆ ಎಳೆತವನ್ನು ಕೊಟ್ಟು ಅನಿಲವನ್ನು ಹಿಡಿದಿಡುವ ಗೋಧಿಯ ಪ್ರೋಟೀನ್ ಬಲೆ, ಹುಳಿಗೂ ಕಿಣ್ವಗಳಿಗೂ ಸಿಕ್ಕಿ ಸಡಿಲವಾಗಿರುತ್ತದೆ. ಇಂಥ ಹೆಪ್ಪೊಂದನ್ನೇ ನೆಚ್ಚಿ ಎತ್ತರದ ಬ್ರೆಡ್ ಮಾಡಲು ಹೊರಟವರಿಗೆ ಸಿಗುವುದು ಇಟ್ಟಿಗೆಯಂಥ ಮುದ್ದೆ. ಕನ್ನಡದ ಗೃಹಿಣಿಯರಿಗೆ ಈ ವಿವೇಕ ಹೊಸದಲ್ಲ: ಮೂರನೆಯ ದಿನದ ಹುಳಿ ಹಿಟ್ಟು ಗರಿಗರಿ ದೋಸೆಗೆ ಒದಗದಿದ್ದರೂ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದರೆ ಪಡ್ಡಿಗೆ ಹೇಳಿ ಮಾಡಿಸಿದಂತಿರುತ್ತದೆ. ಮಿಕ್ಕ ಗೋಧಿ ಹೆಪ್ಪಿಗೆ ಗಾರ್ಲಿಕ್ ಬ್ರೆಡ್ ಅಂಥದೇ ಒಂದು ಪಡ್ಡು.

ಹಿಂದಿನ ದಿನದ ಕಣಕದಲ್ಲಿ ಒಂದು ತುಂಡನ್ನು ಎತ್ತಿಟ್ಟು ಮರುದಿನದ ಕಣಕಕ್ಕೆ ಸೇರಿಸುವ ಕ್ರಮವನ್ನು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿಯೇ ದಾಖಲಿಸಿದ್ದಾನೆ. ಬಿಯರಿನ ನೊರೆಯಿಂದ ಬ್ರೆಡ್ ಉಬ್ಬಿಸುತ್ತಿದ್ದ ಗಾಲ್ ಮತ್ತು ಐಬೀರಿಯಾದ ಜನರ ಬ್ರೆಡ್ ಬೇರೆಯವರದಕ್ಕಿಂತ ಹಗುರ ಎಂದೂ ಆತ ಹೇಳುತ್ತಾನೆ. ಹುದುಗುವುದು ಜೀವಿಗಳ ಕೆಲಸವೆಂಬುದನ್ನು ಲೂಯಿ ಪಾಸ್ಚರ್ 1857ರಿಂದ ಮುಂದಕ್ಕೆ ತೋರಿಸಿಕೊಟ್ಟ ಮೇಲೆ, 1868ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಚಾರ್ಲ್ಸ್ ಫ್ಲೈಶ್‌ಮನ್ ಮತ್ತು ಸಂಗಡಿಗರು ಒತ್ತಿ ಅಚ್ಚು ಮಾಡಿದ ಯೀಸ್ಟನ್ನು ತಯಾರಿಸಲಾರಂಭಿಸಿದರು. ಒಂದೆರಡು ಗಂಟೆಗಳಲ್ಲಿ ಬ್ರೆಡ್ ಉಬ್ಬುವಂತಾದಾಗ ಹೆಪ್ಪನ್ನು ಸಾಕುವ ತಾಪತ್ರಯ ಯಾರಿಗೆ ಬೇಕಿತ್ತು? ಅದು ಉಳಿದದ್ದು ಹಟ ಹಿಡಿದ ಕೆಲವೆಡೆ ಮಾತ್ರ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1849ರಲ್ಲಿ, ಚಿನ್ನದ ಬೇಟೆಯ ಕಾಲದಲ್ಲಿ, ಆರಂಭವಾದ ಬೂಡೀನ್ ಬೇಕರಿ ತನ್ನ ಹಳೆಯ ಹೆಪ್ಪನ್ನೇ ಇಂದಿಗೂ ಮುಂದುವರಿಸಿಕೊಂಡು ಬಂದಿರುವುದಾಗಿ ಹೇಳುತ್ತದೆ. 1906ರ ಭೂಕಂಪದಲ್ಲಿ ಲೂಯಿಸ್ ಬೂಡೀನ್ ಅದನ್ನು ಬಕೆಟ್ಟಿನಲ್ಲಿ ಹೊತ್ತು ಉಳಿಸಿದಳೆಂಬುದು ಆ ಮನೆತನದ ಕಥೆ. 1896ರ ಅನಂತರ ಕೆನಡಾದ ಕ್ಲೊಂಡೈಕ್ ಕಣಿವೆಗೆ ಚಿನ್ನ ಹುಡುಕಿ ಹೋದ ಹಳಬರಿಗಂತೂ ಸೌರ್‌ಡೋ ಎಂಬುದೇ ಅಡ್ಡಹೆಸರಾಯಿತು. ಬೆಲ್ಜಿಯಂನ ಸೇಂಟ್ ವಿತ್ ಎಂಬ ಊರಿನಲ್ಲಿ ದೇಶದೇಶಗಳ ಹೆಪ್ಪುಗಳನ್ನು ಶೀತಪೆಟ್ಟಿಗೆಗಳಲ್ಲಿಟ್ಟು ಕಾಯುವ ಗ್ರಂಥಾಲಯವೊಂದು 2013ರಿಂದ ಇದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳ ಯೀಸ್ಟ್ ಖಾಲಿಯಾದಾಗ, ಜಗತ್ತಿನ ಅನೇಕ ಮನೆಗಳ ಕಿಟಕಿಯ ಪಕ್ಕ ಹೆಪ್ಪಿನ ಬಾಟಲಿಗಳು ಮತ್ತೆ ಕಾಣಿಸಿಕೊಂಡವು, ಅವುಗಳೊಡನೆ ಮಿಕ್ಕ ಹೆಪ್ಪಿನ ಚಿಂತೆಯೂ.

ಗಾರ್ಲಿಕ್ ಬ್ರೆಡ್ಡಿನ ಮೂಲವೂ ಮಿಕ್ಕಿದ್ದರಲ್ಲಿಯೇ ಇದೆ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಉಪ್ಪಿಲ್ಲದೆ ಮಾಡುವ ಬ್ರೆಡ್ ಒಣಗಿ ಬಿರುಸಾದಾಗ ಅದನ್ನು ಕೆಂಡದ ಮೇಲೆ ಕಾಯಿಸಿ, ಒರಟಾದ ಮೈಗೆ ಹಸಿ ಬೆಳ್ಳುಳ್ಳಿಯನ್ನು ತಿಕ್ಕಿ, ಉಪ್ಪುದುರಿಸಿ, ಆಲಿವ್ ಎಣ್ಣೆ ಸುರಿದು ತಿನ್ನುವ ಪದ್ಧತಿಯಿದ್ದು, ಅದನ್ನು ಫೆತ್ತುಂತ, ಎಂದರೆ ಎಣ್ಣೆ ಸವರಿದ ಹೋಳು, ಎಂದು ಕರೆಯುತ್ತಾರೆ. ಚಳಿಗಾಲದ ಮೊದಲಲ್ಲಿ ಗಾಣದಿಂದ ಬಂದ ಹೊಸ ಎಣ್ಣೆಯ ರುಚಿ ನೋಡುವ ಬಗೆಯೂ ಇದೇ. ಇಂಥದೇ ತಿನಿಸಿಗೆ ಇರುವ ಬ್ರುಸ್ಕೆತ್ತ ಎಂಬ ಇನ್ನೊಂದು ಹೆಸರು ಕೆಂಡದ ಮೇಲೆ ಸುಡುವುದು ಎಂಬ ಅರ್ಥದ ರೋಮಿನ ಆಡುಮಾತಿನಿಂದ ಬಂದಿದೆ. ಅಮೆರಿಕಕ್ಕೆ ವಲಸೆ ಹೋದ ಇಟಲಿಯವರ ಕೈಯಲ್ಲಿ, ಆಲಿವ್ ಎಣ್ಣೆಯ ಸ್ಥಾನಕ್ಕೆ ಬೆಣ್ಣೆ ಬಂದು, ಇಡೀ ಬ್ರೆಡ್ಡನ್ನು ಸೀಳಿ ಸವರಿ ಓವನ್ನಿನಲ್ಲಿಡುವ ಇಂದಿನ ರೂಪ ಸಿದ್ಧವಾಯಿತು. ಪಿಜ್ಜಾ ಅಂಗಡಿಗಳು ಬೆಂಗಳೂರು, ಹುಬ್ಬಳ್ಳಿಗಳಿಗೆ ತಂದದ್ದು ಈ ಅಮೆರಿಕನ್ ರೂಪವನ್ನು.

ಬೆಳ್ಳುಳ್ಳಿಯನ್ನು ಎಲ್ಲಿ ಸೇರಿಸಬೇಕೆಂಬುದೇ ಈ ಕಸುಬಿನ ಮುಖ್ಯ ಪ್ರಶ್ನೆ. ಇಡಿಯಾದ ಎಸಳಿಗೆ ಹೆಚ್ಚಿನ ವಾಸನೆಯಿಲ್ಲ. ಅದರ ಜೀವಕೋಶಗಳಲ್ಲಿ ಅಲಿಯಿನ್ ಎಂಬ ಗಂಧಕದ ಸಂಯುಕ್ತವೂ ಅಲಿಯಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಎಸಳನ್ನು ಜಜ್ಜಿದಾಗ ಗೋಡೆಗಳು ಒಡೆದು ಎರಡೂ ಕೂಡಿ, ಕ್ಷಣಗಳಲ್ಲಿ ಅಲಿಸಿನ್ ಎಂಬ ಘಾಟು ಹುಟ್ಟುತ್ತದೆ. 1944ರಲ್ಲಿ ಚೆಸ್ಟರ್ ಕ್ಯಾವಲಿಟೊ ಮತ್ತು ಜಾನ್ ಬೈಲಿ ಈ ಅಲಿಸಿನ್ನನ್ನು ಬೇರ್ಪಡಿಸಿ, ಅದಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆಯೆಂದು ತೋರಿಸಿದರು. ಇಲ್ಲಿಯೇ ತೊಡಕು. ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಕಣಕಕ್ಕೇ ನಾದಿದರೆ ಮೊದಲೇ ಮಂಕಾದ ಯೀಸ್ಟ್ ಮತ್ತಷ್ಟು ಕುಗ್ಗುತ್ತದೆ. ಗಂಧಕದ ಸಂಯುಕ್ತಗಳು ಗ್ಲುಟೆನ್ ಬಲೆಯ ಗಂಟುಗಳನ್ನು ಬಿಚ್ಚಿ ಕಣಕವನ್ನು ಅಂಟಂಟಾಗಿಸುತ್ತವೆ. ಹುಳಿ ತಾಗಿದ ಬೆಳ್ಳುಳ್ಳಿ ಒಮ್ಮೊಮ್ಮೆ ಹಸಿರು ನೀಲಿಗೆ ತಿರುಗುವುದೂ ಉಂಟು, ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕುವವರು ಕಂಡಿರುವ ಬಣ್ಣವದು. ಅಪಾಯವಿಲ್ಲ, ಆದರೆ ಬ್ರೆಡ್ಡಿನ ತಿರುಳಿನಲ್ಲಿ ಅದು ಯಾರಿಗೂ ಹಿಡಿಸುವುದಿಲ್ಲ. ಆದ್ದರಿಂದ ಹಸಿ ಬೆಳ್ಳುಳ್ಳಿ ಬೆಣ್ಣೆಯಲ್ಲಿರಬೇಕು, ಬೆಣ್ಣೆ ಬ್ರೆಡ್ ಬೆಂದ ಮೇಲೆ ಬರಬೇಕು. ಒಳಗೂ ಬೇಕೆನ್ನುವವರು ಇಡೀ ಗಡ್ಡೆಯನ್ನು ಎಣ್ಣೆ ಸವರಿ ಮೆತ್ತಗಾಗುವವರೆಗೆ ಸುಟ್ಟು, ಕಿಣ್ವವನ್ನು ಶಾಖದಿಂದ ಅಡಗಿಸಿ, ಆ ಸಿಹಿಯಾದ ತಿರುಳನ್ನು ಕಣಕಕ್ಕೆ ಸೇರಿಸಬಹುದು.

ಅಳತೆಯ ವಿಷಯಕ್ಕೆ ಬಂದರೆ, 200 ಗ್ರಾಂ ಮಿಕ್ಕ ಹೆಪ್ಪಿನಲ್ಲಿ 100 ಗ್ರಾಂ ಹಿಟ್ಟೂ 100 ಗ್ರಾಂ ನೀರೂ ಆಗಲೇ ಇವೆಯೆಂಬುದನ್ನು ಮರೆಯಬಾರದು. ಅದಕ್ಕೆ 400 ಗ್ರಾಂ ಮೈದಾ, 220 ಗ್ರಾಂ ಉಗುರುಬೆಚ್ಚಗಿನ ನೀರು, 10 ಗ್ರಾಂ ಉಪ್ಪು, ಎರಡು ಚಮಚ ಎಣ್ಣೆ ಸೇರಿಸಿದರೆ ಒಟ್ಟು 500 ಗ್ರಾಂ ಹಿಟ್ಟಿಗೆ 320 ಗ್ರಾಂ ನೀರು, ಅಂದರೆ ನೂರಕ್ಕೆ 64ರಷ್ಟು, ಆಗುತ್ತದೆ. ಎರಡು ನೀಳವಾದ ಬ್ರೆಡ್ಡುಗಳಿಗೆ ಇದು ಒಳ್ಳೆಯ ಹದ. ಉಬ್ಬಿಸುವ ಹೊಣೆಯನ್ನು ಹೆಪ್ಪಿನ ಮೇಲೆ ಹಾಕದೆ 3 ಗ್ರಾಂ ಒಣ ಯೀಸ್ಟನ್ನು ಬೆರೆಸುವುದು ಜಾಣತನ. ಸೌರ್‌ಡೋ ವ್ರತಸ್ಥರು ಇದನ್ನು ಒಪ್ಪಲಾರರು. ಆದರೆ ಮಿಕ್ಕ ಹೆಪ್ಪು ಇಲ್ಲಿ ಒಗ್ಗರಣೆಯಂತೆ ರುಚಿಗೆ ಬಂದದ್ದೇ ಹೊರತು ಭಾರ ಎತ್ತುವುದಕ್ಕಲ್ಲ. ಮೈದಾದ ಕಾಲು ಭಾಗಕ್ಕೆ ಬದಲಾಗಿ ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟನ್ನು ಬಳಸುವುದಾದರೆ ಸ್ವಲ್ಪ ಹೆಚ್ಚು ನೀರು ಬೇಕು, ಏಕೆಂದರೆ ಕಲ್ಲಿನ ಒತ್ತಡಕ್ಕೆ ಪಿಷ್ಟದ ಕಣಗಳು ಜಜ್ಜಿಹೋಗಿ ಹೆಚ್ಚು ನೀರು ಹೀರುತ್ತವೆ.

ಕಣಕವನ್ನು ಹತ್ತು ನಿಮಿಷ ಚೆನ್ನಾಗಿ ನಾದಿ, ಮುಚ್ಚಿಟ್ಟು, ಹೆಚ್ಚುಕಡಿಮೆ ಇಮ್ಮಡಿಯಾದಾಗ ಎರಡು ಭಾಗ ಮಾಡಿ, ನೀಳವಾಗಿ ಸುತ್ತಿ ಅಂಚನ್ನು ಒತ್ತಿ ಮುಚ್ಚಿ, ಇನ್ನೊಮ್ಮೆ ಮುಕ್ಕಾಲು ಗಂಟೆ ಬಿಡಬೇಕು. 220 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನ ತಳದಲ್ಲಿ ಒಂದು ಪಾತ್ರೆ ಬಿಸಿನೀರಿಟ್ಟರೆ ಆರಂಭದ ಹಬೆಗೆ ಮೇಲ್ಪದರ ಬೇಗ ಬಿರುಸಾಗದೆ ಬ್ರೆಡ್ ಪೂರ್ತಿ ಅರಳುತ್ತದೆ. 25 ನಿಮಿಷಗಳ ಆಚೀಚೆ ಕೆಂಪೇರಿ, ತಳವನ್ನು ತಟ್ಟಿದರೆ ಟೊಳ್ಳು ಸದ್ದು ಬಂದಾಗ ಬೆಂದಿದೆಯೆಂದು ತಿಳಿಯಬೇಕು. ಮಂಗಳೂರಿನ ಸೆಕೆಯಲ್ಲಿ ಈ ಕಾಲಾವಧಿಗಳು ಕುಗ್ಗುತ್ತವೆ, ಮಡಿಕೇರಿಯ ಮಳೆಗಾಲದಲ್ಲಿ ಹಿಗ್ಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಹೆಪ್ಪಿನಲ್ಲಿ ಯೀಸ್ಟಿಗೆ ಸುಮಾರು 27 ಡಿಗ್ರಿ ಹಿತ, ಬ್ಯಾಕ್ಟೀರಿಯಾಕ್ಕೆ ಸುಮಾರು 32. ಕರಾವಳಿಯ ಅಡುಗೆಮನೆಯ ಹೆಪ್ಪು ಉಬ್ಬುವುದಕ್ಕಿಂತ ಹುಳಿಯಾಗುವುದರಲ್ಲಿ ಮುಂದಿದ್ದರೆ ಅದಕ್ಕೆ ಇದೇ ಕಾರಣವಿರಬಹುದು. ಹುಳಿಯೆಂದರೆ ಅಲ್ಲಿನವರಿಗೇನೂ ಅಪರಿಚಿತವಲ್ಲ, ಶೇಂದಿಯಿಂದ ಅಕ್ಕಿ ಹಿಟ್ಟನ್ನು ಹುದುಗಿಸಿ ಸನ್ನ ಬೇಯಿಸುವ ಮಂಗಳೂರಿನ ಕ್ರೈಸ್ತ ಮನೆಗಳು ಕಾಡು ಯೀಸ್ಟಿನ ಉಪಕಾರವನ್ನು ಬಹುಕಾಲದಿಂದ ಬಲ್ಲವು.

ಬ್ರೆಡ್ ಬೆಂದ ದಿನವೇ ಬೆಣ್ಣೆ ಸವರುವ ಆತುರ ಬೇಡ. ಮರುದಿನಕ್ಕೆ ತಿರುಳಿನ ಪಿಷ್ಟ ಮತ್ತೆ ಹರಳುಗಟ್ಟಿ ಬ್ರೆಡ್ ಬಿಗಿಯಾಗುತ್ತದೆ, ಆಗ ಹೋಳು ಮುದ್ದೆಯಾಗದೆ ಅಚ್ಚುಕಟ್ಟಾಗಿ ಬರುತ್ತದೆ; ಮತ್ತೆ ಬಿಸಿ ಮಾಡಿದಾಗ ಆ ಹರಳು ಕರಗಿ ತಿರುಳು ಮೆತ್ತಗಾಗುತ್ತದೆ. 100 ಗ್ರಾಂ ಮೆತ್ತಗಿನ ಬೆಣ್ಣೆಗೆ ಆರೆಂಟು ಎಸಳು ಬೆಳ್ಳುಳ್ಳಿಯನ್ನು ಚಿಟಿಕೆ ಉಪ್ಪಿನೊಡನೆ ಕುಟ್ಟಾಣಿಯಲ್ಲಿ ನುಣ್ಣಗೆ ಜಜ್ಜಿ ಬೆರೆಸಬೇಕು. ಒರಟು ಚೂರುಗಳು ಬಿಸಿಗೆ ಕಪ್ಪಾಗಿ ಕಹಿಯಾಗುತ್ತವೆ, ಆದ್ದರಿಂದ ನುಣ್ಣಗೆ ಎಂಬ ಮಾತಿಗೆ ಒತ್ತು ಬೇಕು. ಇಟಲಿಯ ಪಾರ್ಸ್ಲಿ ಸೊಪ್ಪಿನ ಬದಲಿಗೆ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಹಾಕಿದರೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ನಿನ ನೆಂಟಸ್ತಿಕೆ ಕಾಣಿಸುತ್ತದೆ. ಬ್ರೆಡ್ಡನ್ನು ಎರಡು ಸೆಂಟಿಮೀಟರಿಗೊಂದರಂತೆ ತಳ ಮುಟ್ಟದ ಹಾಗೆ ಸೀಳಿ, ಪ್ರತಿ ಸೀಳಿಗೂ ಬೆಣ್ಣೆ ಸವರಿ, ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ 180 ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಇಡಬೇಕು. ಸುತ್ತಿದ ಹಾಳೆಯೊಳಗಿನ ಹಬೆ ಬೆಣ್ಣೆಯನ್ನು ತಿರುಳಿಗೆ ಇಳಿಸುತ್ತದೆ, ಕೊನೆಯ ನಾಲ್ಕೈದು ನಿಮಿಷ ಹಾಳೆ ಬಿಚ್ಚಿದರೆ ಅಂಚು ಗರಿಯಾಗುತ್ತದೆ. ಬೆಳ್ಳುಳ್ಳಿಯ ಗಂಧ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಘಮ ಹೋಳುಹೋಳಿಗೂ ಸಮನಾಗಿ ಹರಡುತ್ತದೆ, ಹೆಪ್ಪಿನ ಹುಳಿಯಾದರೋ ಬೆಣ್ಣೆಯ ಜಿಡ್ಡನ್ನು ನಾಲಿಗೆಯ ಮೇಲೆ ನಿಲ್ಲಗೊಡುವುದಿಲ್ಲ. ಅಂಗಡಿಯ ಗಾರ್ಲಿಕ್ ಬ್ರೆಡ್ಡಿನಲ್ಲಿ ಕಾಣದ ಗುಣ ಈ ಕೊನೆಯದು.

ಶೇಖರಣೆಯಲ್ಲಿ ಎರಡು ಎಚ್ಚರಿಕೆಗಳಿವೆ. ಮಿಕ್ಕ ಹೆಪ್ಪನ್ನು ಫ್ರಿಜ್ಜಿನಲ್ಲಿ ಒಂದೇ ಡಬ್ಬಿಗೆ ಕೂಡಿಸುತ್ತ ಹೋಗಿ ವಾರದೊಳಗೆ ಬಳಸಬಹುದು. ಮೇಲೆ ನಿಲ್ಲುವ ಬೂದುಬಣ್ಣದ ನೀರು ಮದ್ಯಸಾರದ ಅಂಶವಿರುವ ತಿಳಿಯಷ್ಟೇ, ಕಲಕಿದರೆ ಸಾಕು, ಆದರೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ ಎಲ್ಲವನ್ನೂ ಎಸೆದುಬಿಡಬೇಕು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯನ್ನು ಹೊರಗಿಡುವುದು ಇನ್ನೂ ಅಪಾಯಕಾರಿ: ಮಣ್ಣಿನಿಂದ ಬಂದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಗಾಳಿಯಾಡದ ಎಣ್ಣೆಯಲ್ಲಿ ಮೊಳೆತು ನರಗಳಿಗೆ ಮಾರಕವಾದ ವಿಷವನ್ನು ಮಾಡುತ್ತವೆ, 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹಲವರು ಹಾಸಿಗೆ ಹಿಡಿದದ್ದು ಇಂಥ ಬೆಳ್ಳುಳ್ಳಿಯಿಂದಲೇ. ಬೆಳ್ಳುಳ್ಳಿ ಬೆಣ್ಣೆಯನ್ನೂ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನಗಳಲ್ಲಿ ಮುಗಿಸುವುದು ಕ್ಷೇಮ. ಇಷ್ಟಾಗಿಯೂ ಒಂದೆರಡು ಹೋಳು ಉಳಿದರೆ ಅವನ್ನು ಸಣ್ಣ ಉರಿಯ ಕಾವಲಿಯ ಮೇಲೆ ಒಣಗಿಸಿ ಪುಡಿ ಮಾಡಿಟ್ಟುಕೊಂಡು, ಟೊಮೆಟೊ ಸಾರಿಗೋ ಕಟ್ಲೆಟ್ಟಿನ ಮೇಲ್ಪದರಕ್ಕೋ ಬಳಸುವುದು ಹೆಪ್ಪು ಸಾಕುವ ಮನೆಗಳಲ್ಲಿ ರೂಢಿಯಾಗಿದೆ.