ಚಹಾ ಕಪ್ಪಿನ ಹಂದಿಮರಿ

ಚಹಾದ ಕಪ್ಪು ಎಷ್ಟು ಹಿಡಿಯುವುದೆಂಬುದನ್ನು ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಪ್ಪಿನಲ್ಲಿ ಹಂದಿಮರಿಯೊಂದನ್ನು ಕುಳ್ಳಿರಿಸಿ, ಇದು ಜನ್ಮವಿಡೀ ಪುಟ್ಟದಾಗಿಯೇ ಉಳಿಯುವುದೆಂದು ಹೇಳಿ ಮಾರುವ ವ್ಯಾಪಾರವೊಂದು ಪಾಶ್ಚಾತ್ಯ ದೇಶಗಳಲ್ಲಿ ನಡೆದುಬಂದಿದೆ.

ಹಂದಿಯನ್ನು ಮನೆಯೊಳಗೆ ಸಾಕುವ ಹವ್ಯಾಸವು ಅಲ್ಲಿ ಹಬ್ಬಿದುದು 1980ರ ದಶಕದಲ್ಲಿ ವಿಯೆಟ್ನಾಮಿನ ಡೊಳ್ಳುಹೊಟ್ಟೆಯ ಹಂದಿಗಳು ಕೆನಡಾ ಮತ್ತು ಅಮೆರಿಕಗಳನ್ನು ತಲಪಿದ ಮೇಲೆ. ಹಂದಿ ಬಲು ಬುದ್ಧಿಯುಳ್ಳ ಪ್ರಾಣಿ. ಹೆಸರು ಹಿಡಿದು ಕರೆದರೆ ಬರುತ್ತದೆ, ಕಲಿಸಿದರೆ ಕಲಿಯುತ್ತದೆ, ಮಲಗುವ ಸ್ಥಳವನ್ನು ಹೊಲಸು ಮಾಡಲೊಲ್ಲದು. ಮೆಚ್ಚತಕ್ಕ ಗುಣಗಳೇ ಸರಿ. ಆದರೆ ಗಾತ್ರದ ಮಾತೇನು? ಮಾಂಸಕ್ಕಾಗಿ ಸಾಕುವ ದೊಡ್ಡ ತಳಿಗಳು 200 ಕಿಲೋಗ್ರಾಮಿಗೂ ಮಿಕ್ಕಿ ತೂಗುವಾಗ, ಈ ವಿಯೆಟ್ನಾಮಿನ ಹಂದಿ ಸಾಮಾನ್ಯವಾಗಿ 50ರಿಂದ 90 ಕಿಲೋಗ್ರಾಂ ತೂಗುತ್ತದೆ. ಸಣ್ಣದೆಂಬ ಮಾತು ಆ ಹೋಲಿಕೆಯಲ್ಲಿ ಮಾತ್ರ ನಿಜ. ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾನಿಲಯವು 1960ರ ದಶಕದಲ್ಲಿ ವೈದ್ಯಕೀಯ ಪ್ರಯೋಗಗಳಿಗೆಂದು ಬಹು ಶ್ರಮಪಟ್ಟು ಸಿದ್ಧಪಡಿಸಿದ ಕಿರುತಳಿಯೂ ಪೂರ್ತಿ ಬೆಳೆದಾಗ ಸುಮಾರು 35ರಿಂದ 45 ಕಿಲೋಗ್ರಾಂ ತೂಗುತ್ತದೆ. ಕಪ್ಪಿನಲ್ಲಿ ಉಳಿಯುವ ತಳಿಯೆಂಬುದು ಲೋಕದಲ್ಲಿಲ್ಲ.

ಹಾಗಾದರೆ ಗಿರಾಕಿ ಮೋಸಹೋಗುವುದು ಹೇಗೆ? ಹಂದಿಯ ಮೈ ಪೂರ್ತಿ ಬೆಳೆಯಲು ಮೂರು ವರ್ಷಗಳಾದರೂ ಬೇಕು. ಗರ್ಭ ಧರಿಸಲು ಕೆಲವು ತಿಂಗಳುಗಳೇ ಸಾಕು. ಮಾರುವವನು ಮರಿಯ ತಾಯಿಯನ್ನು ಮುಂದೆ ನಿಲ್ಲಿಸುತ್ತಾನೆ. ತಾಯಿಯೇ ಇಷ್ಟು ಚಿಕ್ಕದೆಂದು ಗಿರಾಕಿ ನಂಬುತ್ತಾನೆ. ಆ ತಾಯಿಯೇ ಇನ್ನೂ ಬೆಳೆಯುವ ಪ್ರಾಯದ್ದೆಂಬುದು ಅವನಿಗೆ ಹೊಳೆಯದು. 'ಬೆಳೆಯ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯು ಇಲ್ಲಿ ಕೈಕೊಡುತ್ತದೆ.

2012ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದ ಗೃಹಸ್ಥರಿಬ್ಬರು ಕಿರುಹಂದಿಯೆಂದು ನಂಬಿ ಎಸ್ತರ್ ಎಂಬ ಮರಿಯನ್ನು ಮನೆಗೆ ತಂದರು. ಅದು ಬೆಳೆದು ಬೆಳೆದು 300 ಕಿಲೋಗ್ರಾಮಿನ ಹತ್ತಿರಕ್ಕೆ ಬಂತು! ಅವರು ಅದನ್ನು ಕೈಬಿಡಲಿಲ್ಲ. ಮನೆಯನ್ನೇ ಬಿಟ್ಟು, ಅದಕ್ಕಾಗಿ ಹೊಲವೊಂದನ್ನು ಕೊಂಡರು. 2023ರಲ್ಲಿ ಎಸ್ತರ್ ತೀರಿಕೊಂಡಿತು. ಆದರೆ ಎಲ್ಲ ಮರಿಗಳಿಗೂ ಅಂಥ ಯಜಮಾನರು ದೊರೆಯುವುದಿಲ್ಲ. ಎಷ್ಟೋ ಹಂದಿಗಳು ಬೆಳೆದ ತಪ್ಪಿಗಾಗಿಯೇ ಬೀದಿಪಾಲಾಗುತ್ತವೆ, ಇಲ್ಲವೆ ಅನಾಥ ಪ್ರಾಣಿಗಳ ಆಶ್ರಯಗಳನ್ನು ಸೇರುತ್ತವೆ.

ಇದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. ಮರಿ ಬೆಳೆಯದಿರಲೆಂದು ಅದಕ್ಕೆ ಹೊಟ್ಟೆತುಂಬ ತಿನ್ನಿಸಬೇಡಿರೆಂದು ಉಪದೇಶಿಸುವ ವ್ಯಾಪಾರಿಗಳೂ ಇದ್ದಾರೆ. ಹಾಗೆ ಬೆಳೆದ ಮರಿ ಸಣ್ಣ ತಳಿಯದಲ್ಲ, ಹಸಿದ ಹಂದಿ. ಹಸಿವಿನಿಂದ ಮೂಳೆ ಕುಂದುತ್ತದೆ, ಆಯುಷ್ಯ ಕುಗ್ಗುತ್ತದೆ. ಬಂದವರಿಗೆ ಉಣಬಡಿಸುವುದನ್ನೇ ವೃತ್ತಿಯಾಗಿಸಿಕೊಂಡ ನಮಗೆ ಈ ಪಾಪದ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಚಕರೇ, ಪ್ರಾಣಿಯನ್ನು ಮನೆಗೆ ತರುವವನು ಅದರ ಇಂದಿನ ಚೆಲುವನ್ನಷ್ಟೇ ನೋಡಿದರೆ ಸಾಲದು. ಮುಂದಿನ ಹತ್ತು ಹದಿನೈದು ವರ್ಷ ಅದಕ್ಕೆ ಬೇಕಾಗುವ ಜಾಗವನ್ನೂ ಅನ್ನವನ್ನೂ ತಾನು ಒದಗಿಸಬಲ್ಲೆನೇ ಎಂದು ಮೊದಲು ಲೆಕ್ಕಹಾಕಬೇಕು. ಆ ಲೆಕ್ಕ ಕೂಡಿಬಾರದಿದ್ದರೆ, ಮರಿಯನ್ನು ಅದರ ತಾಯಿಯ ಬಳಿಯಲ್ಲೇ ಬಿಟ್ಟುಬರುವುದು ಲೇಸು.