ಮಾಧವರಂನ ಊರುಗಳು, ವಾರ್ಡಿನ ಗೆರೆಗಳು

ಮಾಧವರಂ ಅಂದರೆ ಇವತ್ತಿನ ಚೆನ್ನೈಯವರಿಗೆ ಹಾಲಿನ ಡೇರಿ, ಆಂಧ್ರದ ಬಸ್ಸು ಹೊರಡುವ ನಿಲ್ದಾಣ, ಲಾರಿಗಳು ಸಾಲುಗಟ್ಟಿ ನಿಂತ ಗೋದಾಮುಗಳು ನೆನಪಾಗುತ್ತವೆ. ಅದರ ಸುತ್ತಲಿನ ಕದಿರ್ವೇಡು, ಸೂರಪಟ್ಟು, ಪುತ್ತಗರಂ, ವಡಪೆರುಂಬಾಕ್ಕಂ 2011ರವರೆಗೆ ಗ್ರಾಮ ಪಂಚಾಯಿತಿಗಳಾಗಿದ್ದವು. ಪುಳಲ್ ಪಟ್ಟಣ ಪಂಚಾಯಿತಿ, ಮಾಧವರಂ ಪುರಸಭೆ. ಆ ವರ್ಷದ ಗಣತಿಯ ಪ್ರಕಾರ ಮಾಧವರಂ ಪುರಸಭೆಯೊಂದರಲ್ಲೇ 1,19,105 ಜನರಿದ್ದರು. ಅಕ್ಟೋಬರಿನಲ್ಲಿ ಪಾಲಿಕೆ ಚುನಾವಣೆ ನಡೆಯುವ ಹೊತ್ತಿಗೆ ಈ ಊರುಗಳೆಲ್ಲ ಚೆನ್ನೈ ಮಹಾನಗರ ಪಾಲಿಕೆಯ ಮೂರನೇ ವಲಯಕ್ಕೆ ಸೇರಿದ್ದವು. 22ರಿಂದ 33ರವರೆಗಿನ ಹನ್ನೆರಡು ವಾರ್ಡುಗಳು ಅವುಗಳ ಹೊಸ ಗುರುತಾದವು.

ಆಗ ಚೆನ್ನೈ 174 ಚದರ ಕಿಲೋಮೀಟರಿನಿಂದ 426ಕ್ಕೆ ಬೆಳೆಯಿತು. 9 ಪುರಸಭೆ, 8 ಪಟ್ಟಣ ಪಂಚಾಯಿತಿ, 25 ಗ್ರಾಮ ಪಂಚಾಯಿತಿ ಅದರೊಳಗೆ ಬಂದವು. ಹಳೆಯ ನಗರದ 155 ವಾರ್ಡುಗಳನ್ನು 107ಕ್ಕೆ ಇಳಿಸಿ, ಹೊಸದಾಗಿ ಸೇರಿದ ಭಾಗಕ್ಕೆ 93 ಕೊಟ್ಟು, ಒಟ್ಟು 200 ಮಾಡಿದರು. ಕಂದಾಯದ ಲೆಕ್ಕದಲ್ಲಿ ಮಾತ್ರ ಮಾಧವರಂ 2018ರವರೆಗೂ ತಿರುವಳ್ಳೂರು ಜಿಲ್ಲೆಯಲ್ಲೇ ಉಳಿದಿತ್ತು. ಕಸದ ದೂರಿಗೆ ಚೆನ್ನೈ ಪಾಲಿಕೆ, ಜಿಲ್ಲಾಧಿಕಾರಿಯ ಸಹಿಗೆ ತಿರುವಳ್ಳೂರು. ಹೀಗೆ ಏಳು ವರ್ಷ ಜನ ಎರಡು ದಿಕ್ಕಿಗೆ ಓಡಾಡಿದರು.

ವಾರ್ಡಿನ ಗೆರೆ ಎಳೆಯುವ ಕ್ರಮ ಹೀಗಿದೆ. ಮೊದಲು ಒಟ್ಟು ಜನಸಂಖ್ಯೆಯನ್ನು ವಾರ್ಡುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. 2011ರ ಗಣತಿಯ 66 ಲಕ್ಷ ಚಿಲ್ಲರೆ ಜನರನ್ನು 200ಕ್ಕೆ ಹಂಚಿದರೆ ಸರಾಸರಿ ವಾರ್ಡಿಗೆ 33 ಸಾವಿರ. ಆಮೇಲೆ ಆರೇಳು ನೂರು ಜನರ ಗಣತಿ ಬ್ಲಾಕುಗಳನ್ನು ಒಂದಕ್ಕೊಂದು ಸೇರಿಸುತ್ತಾ ಆ ಸಂಖ್ಯೆಯ ಹತ್ತಿರಕ್ಕೆ ಬರುತ್ತಾರೆ. ಕೊನೆಗೆ ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ಕಾಲುವೆ ಎಂದು ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ಒಂದೇ ಬೀದಿಯ ಎಡಗಡೆ ಮನೆಗಳು ಒಂದು ವಾರ್ಡಿಗೂ ಬಲಗಡೆಯವು ಇನ್ನೊಂದಕ್ಕೂ ಸೇರುವುದು ಈ ಕ್ರಮದಲ್ಲಿ ಸಹಜ. ಒಬ್ಬರ ಮತದ ಬೆಲೆ ಇನ್ನೊಬ್ಬರ ಮತಕ್ಕೆ ಸಮವಾಗಿರಬೇಕು ಎಂಬ ತತ್ವ ಸರಿಯಾದದ್ದೇ. ಆದರೆ ಅದೊಂದನ್ನೇ ಹಿಡಿದು ಹೊರಟರೆ ಊರು ಹೋಳಾಗುತ್ತದೆ.

ಊರು ಅನ್ನುವುದು ಎಲ್ಲಿ ಕಾಣುತ್ತದೆ? ತಮಿಳರ ಆಡಿ ತಿಂಗಳಲ್ಲಿ ಈ ಕಡೆಯ ಅಮ್ಮನ ಗುಡಿಗಳ ಮುಂದೆ ನಿಂತರೆ ಕಾಣುತ್ತದೆ. ದೊಡ್ಡ ಹಂಡೆಗಳಲ್ಲಿ ರಾಗಿ ಅಂಬಲಿ ಕುದಿಯುತ್ತಿರುತ್ತದೆ. ಪಕ್ಕದಲ್ಲಿ ಸಣ್ಣ ಈರುಳ್ಳಿ, ನುಗ್ಗೆಸೊಪ್ಪಿನ ಪಲ್ಯ. ಚೊಂಬು, ತಂಬಿಗೆ ಹಿಡಿದು ಹೆಂಗಸರು, ಮಕ್ಕಳು ಸಾಲಿನಲ್ಲಿ ನಿಂತಿರುತ್ತಾರೆ. ಇದಕ್ಕೆ ಮನೆಮನೆಯಿಂದ ವಂತಿಗೆ ಎತ್ತಿರುತ್ತಾರೆ. ಯಾವ ಮನೆಯವರೆಗೆ ವಂತಿಗೆ ಕೇಳುತ್ತಾರೆ, ದೇವಿಯ ಮೆರವಣಿಗೆ ಯಾವ ತಿರುವಿನಲ್ಲಿ ಹಿಂದಿರುಗುತ್ತದೆ ಎಂಬುದು ಹಳಬರಿಗೆಲ್ಲ ಗೊತ್ತು. ನಮ್ಮ ಊರಹಬ್ಬದಲ್ಲೂ ಹೀಗೆಯೇ ಅಲ್ಲವೇ? ಕಾಗದದ ಮೇಲಿಲ್ಲದ ಈ ಗಡಿ ಕಾಗದದ ಗಡಿಗಿಂತ ಹಳೆಯದು. ಪುಳಲ್ ಹೆಸರಂತೂ ಹಿಂದಿನ ತೊಂಡೈಮಂಡಲ ನಾಡಿನ 24 ಕೋಟ್ಟಂಗಳಲ್ಲಿ, ಅಂದರೆ ಆಡಳಿತ ವಿಭಾಗಗಳಲ್ಲಿ, ಒಂದಕ್ಕೆ ಇತ್ತು. ಅಲ್ಲಿ ಕುರುಂಬರ ಕೋಟೆಯಿತ್ತು ಎಂಬ ಐತಿಹ್ಯವೂ ಇದೆ.

ಇದು ಬರೀ ಭಾವನೆಯ ಮಾತಲ್ಲ. ಮಾಧವರಂ ಸುತ್ತಮುತ್ತ ಕೆರೆಗಳು ಬಹಳ. ಪುಳಲ್ ಜಲಾಶಯ, ರೆಟ್ಟೇರಿ, ಮಾಧವರಂ ಕೆರೆ. ಕೆರೆ ಒಂದು ವಾರ್ಡಿಗೆ ಹೋಗಿ, ಕೋಡಿ ನೀರು ಹರಿಯುವ ಕಾಲುವೆ ಇನ್ನೊಂದಕ್ಕೆ ಬಿದ್ದರೆ, ಕಾರ್ತಿಕದ ಮಳೆಯಲ್ಲಿ ನೀರು ಮನೆಗೆ ನುಗ್ಗಿದವರು ಯಾವ ಸದಸ್ಯರ ಬಾಗಿಲು ತಟ್ಟಬೇಕು? ಸ್ಮಶಾನ, ಸರ್ಕಾರಿ ಶಾಲೆ, ರೇಷನ್ ಅಂಗಡಿಗಳದ್ದೂ ಇದೇ ಪಾಡು. ಒಟ್ಟಿಗೆ ಬಳಸುವವರು ಒಟ್ಟಿಗೆ ಕೇಳುವಂತಿರಬೇಕು.

ಇಲ್ಲೊಂದು ಎಚ್ಚರ ಬೇಕು. ಊರಿನ ನಂಟು ಎಂದಾಗ ದನಿ ಎತ್ತುವವರು ಸಾಮಾನ್ಯವಾಗಿ ಜಮೀನಿದ್ದ ಹಳೆಯ ಮನೆತನದವರು. ತಮಿಳು ಹಳ್ಳಿಯಲ್ಲಿ ಊರು ಬೇರೆ, ದಲಿತರ ಚೇರಿ ಬೇರೆ. ಅಮ್ಮನ ಮೆರವಣಿಗೆ ಚೇರಿಗೆ ಹೋಗದ ಕಡೆ ಮೆರವಣಿಗೆಯ ದಾರಿಯನ್ನೇ ವಾರ್ಡಿನ ಗಡಿ ಮಾಡಿದರೆ ಹಳೆಯ ಅನ್ಯಾಯಕ್ಕೆ ಗೆಜೆಟ್ಟಿನ ಮುದ್ರೆ ಬೀಳುತ್ತದೆ. ಚೇರಿಯನ್ನು ಎರಡು ಮೂರು ವಾರ್ಡಿಗೆ ಹಂಚಿದರೂ ಅಲ್ಲಿನ ಮತಕ್ಕೆ ಬಲ ಉಳಿಯುವುದಿಲ್ಲ. ಗೋದಾಮುಗಳಲ್ಲಿ ದುಡಿಯಲು ಬಂದು ಬಾಡಿಗೆ ಮನೆಯಲ್ಲಿರುವವರ ನೀರು, ಚರಂಡಿಯೂ ಊರಿನವೇ. ನಂಟನ್ನು ವಂಶದಿಂದ ಅಳೆಯದೆ ಬಳಕೆಯಿಂದ ಅಳೆಯಬೇಕು ಎಂದು ನಾನು ಹೇಳುವುದು ಇದಕ್ಕೇ.

ಬೆಂಗಳೂರಿನ ಕಥೆ ಇದಕ್ಕಿಂತ ಉದ್ದ. 2007ರಲ್ಲಿ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. ನೂರಿದ್ದ ವಾರ್ಡು 198 ಆದವು. 2022ರಲ್ಲಿ 243, ಮರುವರ್ಷ 225, ಪಾಲಿಕೆ ಐದಾದ ಮೇಲೆ 2025ರ ನವೆಂಬರಿನಲ್ಲಿ 369. 2022ರ ಪಟ್ಟಿಯಲ್ಲಿ ಚಾಣಕ್ಯ, ಛತ್ರಪತಿ ಶಿವಾಜಿಯಂಥ ಹೆಸರುಗಳನ್ನು ಕಂಡು, ನಮ್ಮ ಊರಿನ ಹೆಸರೆಲ್ಲಿ ಎಂದು ಜನ ಕೇಳಿದರು. ಆ 110 ಹಳ್ಳಿಗಳಿಗೆಂದೇ ಹಾಕಿಕೊಂಡ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಸೇರ್ಪಡೆಯಾಗಿ ಹದಿನೇಳು ವರ್ಷಕ್ಕೆ. ವಾರ್ಡಿನ ಗೆರೆಯೊಂದೇ ಇದಕ್ಕೆ ಕಾರಣವಲ್ಲ, ನಿಜ. ಆದರೆ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಚುನಾಯಿತ ಸದಸ್ಯರೇ ಇಲ್ಲದ ಊರಿನ ಪರವಾಗಿ ಕೇಳುವವರು ಯಾರು? ಚೆನ್ನೈಯಲ್ಲೂ 2016ರಿಂದ 2022ರ ಫೆಬ್ರವರಿಯವರೆಗೆ ಇದೇ ಸ್ಥಿತಿ ಇತ್ತು.

ಗೆರೆ ಎಳೆಯುವಾಗ ಊರನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮ ಬೇರೆಡೆ ಇದೆ. ಇಂಗ್ಲೆಂಡಿನ ಸ್ಥಳೀಯ ಆಡಳಿತ ಗಡಿ ಆಯೋಗ ಮೂರು ಅಳತೆಗೋಲು ಇಟ್ಟುಕೊಂಡಿದೆ: ಮತದ ಸಮಾನತೆ, ಸಮುದಾಯದ ಗುರುತು ಮತ್ತು ಹಿತ, ಅನುಕೂಲವಾದ ಆಡಳಿತ. ಇದು 2009ರ ಕಾಯ್ದೆಯಲ್ಲೇ ಇದೆ. ಎರಡನೆಯ ಅಳತೆಗೆ ಪುರಾವೆ ಒದಗಿಸುವಂತೆ ಆಯೋಗ ನಿವಾಸಿಗಳನ್ನೇ ಕೇಳುತ್ತದೆ.

ನಮ್ಮಲ್ಲಿ ಪುರಾವೆ ಕೊಡಲು ಸಿಗುವ ಸಮಯ ಕಡಿಮೆ. ಕರಡು ಹೊರಬಿದ್ದ ಮೇಲೆ ಆಕ್ಷೇಪಣೆಗೆ ಕೆಲವು ದಿನ ಮಾತ್ರ. ಅದು ಮುಗಿದರೆ ಸಂವಿಧಾನದ 243ಝಡ್‌ಜಿ ವಿಧಿ ಕೋರ್ಟಿನ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಆದರೂ ತಮಿಳುನಾಡಿನಲ್ಲಿ ಒಂದು ಕಿಟಕಿ ತೆರೆದಿದೆ. 2022ರ ನಿಯಮಗಳ ಪ್ರಕಾರ ಚೆನ್ನೈಯ ಒಂದೊಂದು ವಾರ್ಡನ್ನೂ ಹತ್ತು ಏರಿಯಾ ಸಭೆಗಳಾಗಿ ಹಂಚಬೇಕು. ಪ್ರತಿ ಸಭೆಯಿಂದ ಒಬ್ಬ ಪ್ರತಿನಿಧಿ, ಮೇಲೆ ವಾರ್ಡಿನ ಸದಸ್ಯರು, ಒಟ್ಟು ಹನ್ನೊಂದು ಜನರ ವಾರ್ಡ್ ಸಮಿತಿ. ಪಂಚಾಯಿತಿ ಹೋದಾಗಲೇ ಗ್ರಾಮಸಭೆಯೂ ಹೋದ ಕದಿರ್ವೇಡು, ಸೂರಪಟ್ಟಿನಂಥ ಊರಿಗೆ ಇದು ದೊಡ್ಡ ಅವಕಾಶ. ವಾರ್ಡಿನ ಗೆರೆಯನ್ನು ಲೆಕ್ಕಕ್ಕಾಗಿ ಎಳೆದಿದ್ದರೂ ಏರಿಯಾ ಸಭೆಯ ಗೆರೆಯನ್ನು ಊರಿಗೆ ತಕ್ಕಂತೆ, ಚೇರಿಯನ್ನೂ ಒಳಗೊಂಡು ಎಳೆಯಬಹುದು.

ಹೊಸ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಆ ಅಂಕಿಗಳು ಬಂದ ಮೇಲೆ ವಾರ್ಡುಗಳನ್ನು ಮತ್ತೆ ಎಳೆಯುವ ಮಾತು ಏಳುವುದು ಖಚಿತ. ಕರಡು ಕೈಗೆ ಬಂದ ಮೇಲೆ ಓಡಾಡಿದರೆ ತಡವಾದಂತೆ. ಕಂದಾಯ ಗ್ರಾಮದ ಹಳೆಯ ನಕ್ಷೆಯ ಪ್ರತಿ, ಕೆರೆ ಮತ್ತು ಕೋಡಿ ಕಾಲುವೆಯ ದಾರಿ, ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವ ಬೀದಿಗಳು, ಒಂದೇ ಸ್ಮಶಾನ ಬಳಸುವ ಮನೆಗಳು, ಮಳೆನೀರು ನಿಲ್ಲುವ ಜಾಗ, ಇಷ್ಟನ್ನು ಒಂದೇ ಹಾಳೆಯ ಮೇಲೆ ಗುರುತಿಸಿ, ಬೀದಿಬೀದಿಯವರ ಸಹಿ ಹಾಕಿಸಿ ಈಗಲೇ ಇಟ್ಟುಕೊಳ್ಳಬಹುದು. ಬಾಡಿಗೆ ಮನೆಯವರ ಸಹಿಯೂ ಅದರಲ್ಲಿರಲಿ.