ಬಿತ್ತನೆ ಬೀಜವನ್ನು ಕೊಳ್ಳುವ ಗಿರಾಕಿಯೂ ಮಾರುವ ವರ್ತಕನೂ

ರೈತನು ಪೇಟೆಯಲ್ಲಿ ಕೊಳ್ಳುವ ಜಿನಸುಗಳು ಅನೇಕವಾಗಿವೆ. ಬಟ್ಟೆಯನ್ನು ಕೊಳ್ಳುವಾಗ ಅಂಚನ್ನು ಹಿಡಿದು ಎಳೆದು ನೋಡುತ್ತಾನೆ. ಎತ್ತನ್ನು ಕೊಳ್ಳುವಾಗ ಹಲ್ಲನ್ನೂ ಸುಳಿಯನ್ನೂ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆ ಮೇಲೆ ಬೆಲೆಯ ಮಾತನ್ನೆತ್ತುತ್ತಾನೆ. ಬಿತ್ತನೆ ಬೀಜದ ವಿಷಯದಲ್ಲಿ ಮಾತ್ರ ಈ ಜಾಣತನವು ಅವನ ಉಪಯೋಗಕ್ಕೆ ಬಾರದು. ಜೀವವಿರುವ ಕಾಳೂ ಸತ್ತ ಕಾಳೂ ಕಣ್ಣಿಗೆ ಒಂದೇ ತೆರನಾಗಿರುತ್ತವೆ. ಮೇಲಾಗಿ ಚೀಲದ ಬಾಯಿ ಹೊಲಿದಿರುತ್ತದೆ. ಕೊಂಡ ಸರಕು ಎಂಥಾದ್ದೆಂಬುದು ಬಿತ್ತಿ ಒಂದು ವಾರವಾದ ಮೇಲೆ, ತಳಿಯೇ ಬೇರೆಯಾಗಿದ್ದರೆ ತೆನೆ ಹೊರಡುವ ಕಾಲಕ್ಕೆ, ಗೊತ್ತಾಗುವುದು. ಕೆಟ್ಟ ಬಟ್ಟೆಯನ್ನು ಹಿಂದಕ್ಕೆ ಕೊಡಬಹುದು. ಮೃಗಶಿರೆಯ ಮಳೆಯನ್ನು ಹಿಂದಕ್ಕೆ ತಂದುಕೊಡುವ ವರ್ತಕನು ಯಾವ ಪೇಟೆಯಲ್ಲಿಯೂ ಇಲ್ಲ.

ಆದಕಾರಣ ಬೀಜದ ಅಂಗಡಿಯಲ್ಲಿ ಗಿರಾಕಿಗೆ ಆದ ವ್ಯವಹಾರವು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬೇರೊಂದು ಅಳತೆಯಿಂದ ಅಳೆಯಬೇಕಾಗಿದೆ. ವರ್ತಕನು ನಗುಮೊಗದಿಂದ ಮಾತನಾಡಿಸಿದನು, ಕುಳ್ಳಿರಿಸಿ ಕಾಫಿಯನ್ನು ತರಿಸಿದನು, ಚೀಲಕ್ಕೆ ಹತ್ತಿಪ್ಪತ್ತು ರೂಪಾಯಿ ಬಿಟ್ಟನು, ಉಳಿದದ್ದನ್ನು ಸುಗ್ಗಿಯಲ್ಲಿ ಕೊಡಿರೆಂದನು. ಇವುಗಳಿಂದ ಸಂತುಷ್ಟರಾಗಿ ಮನೆಗೆ ಬರುವವರು ಬಹಳ ಮಂದಿ. ಇವು ಕೆಟ್ಟವೆಂದು ಯಾರೂ ಹೇಳಲಾರರು. ಆದರೆ ಇವೆಲ್ಲವೂ ಕೊಳ್ಳುವ ದಿನದ ಸುಖಗಳು. ಕಣ್ಣಿಗೆ ಕಾಣದ ಗುಣವುಳ್ಳ ಸರಕನ್ನು ಮಾರುವವನು, ಸರಕಿನ ಸಂಗಡ ತನ್ನ ಮಾತನ್ನು ಪರೀಕ್ಷಿಸುವುದಕ್ಕೆ ಬೇಕಾದ ಸಾಧನವನ್ನೂ ಗಿರಾಕಿಯ ಕೈಗೆ ಕೊಟ್ಟರೆ ಅದು ಒಳ್ಳೆಯ ವ್ಯವಹಾರ. ಆ ಸಾಧನವೆಂದರೆ ಚೀಲದ ಚೀಟಿ, ಅಂಗಡಿಯ ರಸೀದಿ, ಮತ್ತು ಪರೀಕ್ಷೆಗೆ ಸಾಕಾಗುವಷ್ಟು ಕಾಲ.

ಚೀಟಿಯನ್ನು ರೈತರು ಸಾಮಾನ್ಯವಾಗಿ ಓದುವುದಿಲ್ಲ. ಚೀಲವನ್ನು ಬಿಚ್ಚುವಾಗ ಹರಿದು ಬದುವಿನ ಮೇಲೆ ಎಸೆಯುತ್ತಾರೆ. 1966ರಲ್ಲಿ ಆದ ಬೀಜದ ಕಾಯಿದೆ ಮತ್ತು 1968ರ ನಿಯಮಗಳು ಈ ಚೀಟಿಗಾಗಿಯೇ ಎಷ್ಟೋ ಶ್ರಮವಹಿಸಿವೆ. ಅದರಲ್ಲಿ ಬೆಳೆಯ ಹೆಸರು, ತಳಿಯ ಹೆಸರು, ತಂಡದ ಸಂಖ್ಯೆ, ಪರೀಕ್ಷೆಯಾದ ದಿನಾಂಕ, ಮೊಳಕೆಯ ಪ್ರಮಾಣ, ಶುದ್ಧತೆಯ ಪ್ರಮಾಣ, ತೂಕ, ಮಾರುವವನ ಹೆಸರು ಇವಿಷ್ಟೂ ಇರತಕ್ಕದ್ದು. ಔಷಧ ಲೇಪಿಸಿದ ಬೀಜವಾದರೆ ಆ ಔಷಧದ ಹೆಸರೂ, ಆಹಾರಕ್ಕೆ ಉಪಯೋಗಿಸಬಾರದೆಂಬ ಎಚ್ಚರಿಕೆಯೂ ಇರಬೇಕು. ಚೀಟಿಯ ಬಣ್ಣಕ್ಕೂ ಅರ್ಥವುಂಟು. ಪ್ರಮಾಣಿತ ಬೀಜಕ್ಕೆ ನೀಲಿ, ಅದಕ್ಕೆ ಮೂಲವಾದ ಬೀಜಕ್ಕೆ ಬಿಳಿ, ಅದಕ್ಕೂ ಮೇಲಿನ ತಳಿವರ್ಧಕರ ಬೀಜಕ್ಕೆ ಹೊಂಬಣ್ಣ. ನೀಲಿ ಚೀಟಿಯೆಂದರೆ ಬೆಳೆಯು ಹೊಲದಲ್ಲಿರುವಾಗಲೇ ಪ್ರಮಾಣನ ಸಂಸ್ಥೆಯವರು ಬಂದು ನೋಡಿ ಒಪ್ಪಿದ್ದಾರೆಂದು ತಿಳಿಯಬೇಕು. ತಿಳಿಹಸುರಿನ ಚೀಟಿಗೆ ಅಂಥ ಸಾಕ್ಷಿಯಿಲ್ಲ. ಅಲ್ಲಿ ಬರೆದದ್ದಕ್ಕೆಲ್ಲ ಬೀಜದ ಕಂಪೆನಿಯೇ ಹೊಣೆ. ಸಂಕರಣ ಬೀಜಗಳಲ್ಲಿ ಹೆಚ್ಚು ಪಾಲು ಈ ಬಗೆಯ ಚೀಟಿಯಿಂದಲೇ ಮಾರಾಟವಾಗುತ್ತವೆ. ಅಷ್ಟುಮಾತ್ರಕ್ಕೆ ಅವು ಕೀಳಲ್ಲ. ಸಾಕ್ಷಿಯು ಒಬ್ಬನೇ ಆದಕಾರಣ ಗಿರಾಕಿಯು ಇನ್ನಷ್ಟು ಎಚ್ಚರವಾಗಿರಬೇಕು, ಅಷ್ಟೆ.

ಮೊಳಕೆಯ ಕನಿಷ್ಠ ಪ್ರಮಾಣವು ಬೆಳೆಯಿಂದ ಬೆಳೆಗೆ ಭೇದವಾಗುತ್ತದೆ. ಭತ್ತಕ್ಕೆ ನೂರಕ್ಕೆ 80, ರಾಗಿಗೂ ಜೋಳಕ್ಕೂ ತೊಗರಿಗೂ 75, ನೆಲಗಡಲೆಗೆ 70, ಸಂಕರಣ ಮುಸುಕಿನ ಜೋಳಕ್ಕೆ 90. ಈ ಅಂಕಿಗಳು ಕಾಗದದ ಅಂಕಿಗಳೆಂದು ಉದಾಸೀನ ಮಾಡುವವರು ಒಂದು ಲೆಕ್ಕವನ್ನು ನೋಡಬಹುದು. ದಾವಣಗೆರೆ, ಹಾವೇರಿ ಕಡೆಗಳಲ್ಲಿ ಬಹಳವಾಗಿ ಬೆಳೆಯುವ ಮುಸುಕಿನ ಜೋಳಕ್ಕೆ ಎಕರೆಗೆ ಸುಮಾರು 6 ಕಿಲೋ ಬೀಜ ಬೇಕು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟರೆ ಎಕರೆಯಲ್ಲಿ 22,000 ಗಿಡಗಳಾಗಬೇಕು. ನೂರಕ್ಕೆ 90 ಹುಟ್ಟಬೇಕಾದ ಕಡೆ 60 ಹುಟ್ಟಿದರೆ ಹೊಲದ ಮೂರರಲ್ಲೊಂದು ಪಾಲು ಬರಿದಾಯಿತು. ಉಳುಮೆಯ ಕೂಲಿಯಾಗಲಿ ಗೊಬ್ಬರದ ಖರ್ಚಾಗಲಿ ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹತ್ತು ದಿನದ ಮೇಲೆ ಸಂದು ತುಂಬಿದ ಸಸಿಗಳು ಮುಂಚಿನ ಗಿಡಗಳ ನೆರಳಿಗೆ ಸಿಕ್ಕಿ ಬಡವಾಗುತ್ತವೆ. ಚೀಲಕ್ಕೆ ಬಿಟ್ಟ ಇಪ್ಪತ್ತು ರೂಪಾಯಿಯನ್ನು ಈ ನಷ್ಟದ ಪಕ್ಕದಲ್ಲಿಟ್ಟು ತೂಗಿ ನೋಡತಕ್ಕದ್ದು.

ಚೀಟಿಯಲ್ಲಿ 90 ಎಂದು ಅಚ್ಚಾಗಿದ್ದರೂ ಬಿಸಿಲಿಗೆ ಕಾದ ತಗಡಿನ ಮಾಡಿನ ಕೆಳಗೆ ಎರಡು ತಿಂಗಳು ಬಿದ್ದಿದ್ದ ಚೀಲದಲ್ಲಿ ಆ ಜೀವವು ಉಳಿದಿರುವುದೆಂದು ನಂಬಲಾಗದು. ಸಿಮೆಂಟು ನೆಲದ ಮೇಲೆ, ಗೋಡೆಗೆ ತಾಗಿಸಿ, ರಸಗೊಬ್ಬರದ ಮೂಟೆಗಳ ನಡುವೆ ಬೀಜವನ್ನಿಡುವ ಅಂಗಡಿಯಲ್ಲಿ ವರ್ತಕನ ಮಾತು ಎಷ್ಟು ಸಿಹಿಯಾಗಿದ್ದರೂ ಕೊಳ್ಳದಿರುವುದು ಲೇಸು. ಪರೀಕ್ಷೆಯು ಕಷ್ಟವಾದುದಲ್ಲ. ಆರಿಸದೆ ನೂರು ಕಾಳನ್ನೆಣಿಸಿ, ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಸಾಲಾಗಿಟ್ಟು, ಸುರುಳಿ ಸುತ್ತಿ, ನೆರಳಿನಲ್ಲಿ ತೇವವಾರದಂತೆ ಇರಿಸಬೇಕು. ಮುಸುಕಿನ ಜೋಳವಾದರೆ ಏಳನೆಯ ದಿನ, ಭತ್ತವಾದರೆ ಹದಿನಾಲ್ಕನೆಯ ದಿನ ಬಿಚ್ಚಿ ಬೇರೂ ಚಿಗುರೂ ನೆಟ್ಟಗಿರುವ ಸಸಿಗಳನ್ನು ಮಾತ್ರ ಎಣಿಸಬೇಕು. ಸೊಟ್ಟವಾದವನ್ನೂ ಬೂಷ್ಟು ಹಿಡಿದವನ್ನೂ ಲೆಕ್ಕಕ್ಕೆ ಸೇರಿಸಬಾರದು.

ಇದಕ್ಕೆಲ್ಲ ದಿನಗಳು ಬೇಕು, ಆ ದಿನಗಳನ್ನೇ ರೈತನು ಇಟ್ಟುಕೊಂಡಿರುವುದಿಲ್ಲ. ಮೊದಲ ಹದಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೋಬಳಿಯ ಎಲ್ಲರೂ ಒಂದೇ ಅಂಗಡಿಯ ಮುಂದೆ ನಿಂತಿರುತ್ತಾರೆ. ಆಗ ಕೇಳಿದ ತಳಿ ಇರುವುದಿಲ್ಲ. ಇದ್ದದ್ದನ್ನೇ “ಇದು ಅದಕ್ಕಿಂತ ಮೇಲು” ಎಂದು ಕೊಡಲಾಗುತ್ತದೆ. ಬೇಡದ ಔಷಧದ ಶೀಸೆಯೊಂದನ್ನು ಜೊತೆಗೆ ಹೊರಿಸಲಾಗುತ್ತದೆ. ಹಳೆಯ ಬಾಕಿಯುಳ್ಳವನಿಗಂತೂ ಇಲ್ಲವೆನ್ನುವ ಬಾಯಿಯೇ ಇಲ್ಲ, ಬೇರೆ ಅಂಗಡಿಗೆ ಹೋಗುವ ಕಾಲೂ ಇಲ್ಲ. ಕೆಟ್ಟ ವ್ಯವಹಾರಗಳಲ್ಲಿ ಬಹುಪಾಲು ವರ್ತಕನ ದುಷ್ಟತನಕ್ಕಿಂತ ಈ ಅವಸರದಿಂದಲೂ ಬಾಕಿಯಿಂದಲೂ ಹುಟ್ಟುತ್ತವೆ. ಸರ್ಕಾರದ ರೈತ ಸಂಪರ್ಕ ಕೇಂದ್ರಗಳೂ ಇದಕ್ಕೆ ಹೊರತಲ್ಲ. ಬೀಜವೂ ಬೆಲೆಯೂ ಸರಿಯಾಗಿದ್ದು, ಬಿಸಿಲಿನ ಸಾಲಿನಲ್ಲಿ ಅರ್ಧ ದಿನ ನಿಂತವನನ್ನು ಯಾವುದೋ ಕಾಗದ ಸಾಲದೆಂದು ತಿರುಗಿ ಕಳುಹಿಸಿದರೆ ಅವನು ಮರುವರ್ಷ ಅತ್ತ ಸುಳಿಯುವುದಿಲ್ಲವೆಂಬುದನ್ನು ಇಲಾಖೆಯವರೂ ಗಮನಿಸಬೇಕು. ಯಾವ ಯಾವ ಕಾಗದ ಬೇಕೆಂಬ ಹಲಗೆಯೊಂದನ್ನು ಬಾಗಿಲಲ್ಲಿ ತೂಗುಹಾಕುವುದಕ್ಕೆ ಹೆಚ್ಚು ಹಣವೇನೂ ತಗಲದು.

ಗ್ರಾಮದ ಮುಖಂಡರು ಮಾಡಬಹುದಾದ ಕೆಲಸವು ಇಲ್ಲಿಯೇ ಇರುವುದು. ಹತ್ತು ಹದಿನೈದು ಮನೆಯವರು ಸೇರಿ, ಮಳೆಗೆ ಮೂರು ವಾರ ಮುಂಚೆ, ಒಂದೇ ತಳಿಯ ಒಂದೇ ತಂಡಸಂಖ್ಯೆಯ ಬೀಜವನ್ನು ಕೊಂಡರೆ, ಒಬ್ಬನು ಮಾಡಿದ ಮೊಳಕೆಯ ಪರೀಕ್ಷೆ ಎಲ್ಲರಿಗೂ ಸಾಕಾಗುತ್ತದೆ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿಚ್ಚದ ಚೀಲಗಳನ್ನು ಹಿಂದಕ್ಕೆ ತೆಗೆದುಕೊಳ್ಳುವೆನೆಂಬ ಕರಾರನ್ನು ಮೊದಲೇ ಮಾಡಿಕೊಳ್ಳಬೇಕು. ಅದಕ್ಕೆ ಒಪ್ಪದ ವರ್ತಕನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆದರೆ ರಸೀದಿಯು ಒಟ್ಟಿಗೆ ಒಬ್ಬನ ಹೆಸರಿನಲ್ಲಿರಕೂಡದು. ಅವರವರ ಹೆಸರಿಗೆ, ತಳಿಯನ್ನೂ ತಂಡಸಂಖ್ಯೆಯನ್ನೂ ಬರೆಯಿಸಿ ಪ್ರತ್ಯೇಕವಾಗಿ ಪಡೆಯಬೇಕು. ದಾಸ್ತಾನನ್ನೂ ಬೆಲೆಯನ್ನೂ ಹಲಗೆಯ ಮೇಲೆ ಬರೆಯುವುದು, ನಗದಾಗಲಿ ಉದ್ದರಿಯಾಗಲಿ ರಸೀದಿ ಕೊಡುವುದು ವರ್ತಕನ ಕರ್ತವ್ಯವೆಂದು 1983ರ ಬೀಜ ನಿಯಂತ್ರಣದ ಆಜ್ಞೆಯಲ್ಲಿಯೇ ವಿಧಿಸಿದೆ.

ಒಳ್ಳೆಯ ವರ್ತಕರೂ ಇದ್ದಾರೆ, ಅವರನ್ನು ಗುರುತಿಸುವುದಕ್ಕೆ ಒಂದು ಸುಲಭವಾದ ಕುರುಹುಂಟು: ಮಾರಾಟವನ್ನು ಕಳೆದುಕೊಂಡಾದರೂ ನಿಜವನ್ನು ಹೇಳುವರು. ರಾಗಿಯ ಅಥವಾ ಭತ್ತದ ತಳಿಯಾದರೆ “ನಿಮ್ಮ ಕಣಜದ ಶುದ್ಧವಾದ ಬೀಜವೇ ಈ ವರ್ಷಕ್ಕೂ ಆಗುತ್ತದೆ” ಎನ್ನುವರು. ಸಂಕರಣ ಬೀಜವಾದರೆ ಅದರ ಬೆಳೆಯಿಂದ ಬೀಜ ಕಟ್ಟಿದರೆ ಮರುವರ್ಷ ಗುಣ ಉಳಿಯದೆಂದು ಮೊದಲೇ ತಿಳಿಸುವರು. ಇಂಥವರ ಅಂಗಡಿಯಲ್ಲಿ ಬೆಲೆ ಕೊಂಚ ಹೆಚ್ಚಾದರೂ ಚಿಂತೆಯಿಲ್ಲ.

ಇಷ್ಟಾಗಿಯೂ ಬೆಳೆ ಕೆಟ್ಟರೆ ಸುಮ್ಮನಿರಬಾರದು. 1966ರ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡವು ಹೆಚ್ಚೆಂದರೆ 500 ರೂಪಾಯಿ. ಅದು ಯಾರನ್ನೂ ಹೆದರಿಸುವ ಮೊಬಲಗಲ್ಲ, ರೈತನ ಕೈಗೆ ಬರುವುದೂ ಅಲ್ಲ. ಪರಿಹಾರದ ದಾರಿ ಬೇರೆಯಾಗಿದೆ. ಬೀಜ ಕೊಂಡ ರೈತನೂ ಬಳಕೆದಾರನೇ, ಅವನು ಬಳಕೆದಾರರ ನ್ಯಾಯಸ್ಥಾನಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಆಂಧ್ರದ ರೈತರ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಬೀಜದ ಮಾದರಿಯನ್ನು ರೈತನು ಪರೀಕ್ಷೆಗೆ ಒಪ್ಪಿಸಲಿಲ್ಲವೆಂಬ ಆಕ್ಷೇಪಣೆಯನ್ನೂ ಆ ನ್ಯಾಯಾಲಯವು ಮನ್ನಿಸಲಿಲ್ಲ. ಏತಕ್ಕಂದರೆ ಕೊಂಡದ್ದನ್ನೆಲ್ಲ ಬಿತ್ತುವುದೇ ರೈತನ ವಾಡಿಕೆ. ಆದರೂ ಮಾದರಿಯು ಕೈಯಲ್ಲಿದ್ದವನ ಕೆಲಸವು ಹಗುರವಾಗುವುದು. ಬೆಳೆಯು ಬೀಜದ ದೋಷದಿಂದ ಕೆಟ್ಟಿತೆಂದು ರೈತನು ಲಿಖಿತವಾಗಿ ದೂರು ಕೊಟ್ಟಲ್ಲಿ, ಬೀಜ ಪರಿವೀಕ್ಷಕರು ಚೀಟಿ, ಚೀಲ, ಉಳಿದ ಬೀಜ ಇವನ್ನು ವಶಕ್ಕೆ ತೆಗೆದುಕೊಂಡು, ಅದೇ ತಂಡದ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ವಿಚಾರಿಸಬೇಕೆಂದು ಬೀಜದ ನಿಯಮಗಳು ಹೇಳುತ್ತವೆ. ಹೊಲವನ್ನು ಉತ್ತು ಬೇರೆ ಬೆಳೆ ಹಾಕಿದ ಮೇಲೆ ಅವರು ನೋಡುವುದಕ್ಕೆ ಏನೂ ಉಳಿದಿರುವುದಿಲ್ಲವಾದುದರಿಂದ, ದೂರನ್ನು ಬೆಳೆಯಿರುವಾಗಲೇ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರೆದು, ಒಪ್ಪಿಸಿದ್ದಕ್ಕೆ ಸ್ವೀಕೃತಿಯನ್ನು ಪಡೆಯತಕ್ಕದ್ದು. ಬಿತ್ತುವ ದಿನ ಚೀಲವನ್ನು ಚೀಟಿಯಿಲ್ಲದ ಕಡೆಯಿಂದ ಬಿಚ್ಚಿ, ಒಂದೆರಡು ಹಿಡಿ ಬೀಜವನ್ನು ಅದರಲ್ಲಿಯೇ ಉಳಿಸಿ, ರಸೀದಿಯನ್ನೂ ಸೇರಿಸಿ ಕಟ್ಟಿ, ಇಲಿ ಮುಟ್ಟದ ಕಡೆ ಒಕ್ಕಣೆಯಾಗುವವರೆಗೆ ತೂಗುಹಾಕಿರಬೇಕು.